ಬಿಜಾಪುರದ ಕೋಟೆ, ಮಹಲು, ತೋಟ ನೋಡಾಕ ಬರೋರಿಗೆ: ನೀರಿನ ಜಾಡು ಹಿಡದು ಎರಡು ದಿನ

ನಮ್ಮೂರು ಬಿಜಾಪುರ. 2014ರಿಂದ ಕಾಗದದ ಮ್ಯಾಲ ವಿಜಯಪುರ ಆಗೈತಿ, ಆದ್ರ ಬಾಯಾಗ ಇನ್ನೂ ಬಿಜಾಪುರ ಅಂತನ ಬರ್ತೈತಿ, ಅದಕ್ಕ ನಾನೂ ಹಂಗ ಬರೀತೀನಿ. ದೀಪಾವಳಿ ಮುಗೀತು ಅಂದ್ರ ನಮ್ಮ ಮನಿಗೆ ದಾವಣಗೆರೆ ಬೀಗರು, ಬೆಂಗಳೂರಿನ ಗೆಳೆಯಾರು ಬರಾಕ ಶುರು ಆಗ್ತಾರ, ಬಂದವ್ರೆಲ್ಲ ಕೇಳೋ ಮಾತು ಒಂದ. ಗೋಲಗುಂಬಜ್ ನೋಡಾಕ ಎಷ್ಟೊತ್ತು ಬೇಕ್ರಿ, ಮುಂಜಾನೆ ನೋಡಿ ಮಧ್ಯಾಹ್ನದ ಊಟಕ್ಕ ಬಾದಾಮಿಗೆ ಹೋಗಬಹುದಲ್ಲ ಅಂತ. ಹೋಗಬಹುದ್ರಿ, ಭಾಳ ಮಂದಿ ಹಂಗ ಮಾಡ್ತಾರ. ಆದ್ರ ನೋಡಾಕ ಬಂದಿದ್ದು ಒಂದು ರಾಜಧಾನಿನ, ನೋಡ್ಕೊಂಡು ಹೋಗಿದ್ದು ಅದರ ಒಂದು ಮೂಲಿನ ಅಂದ್ರ ನನಗ ಹೊಟ್ಟ್ಯಾಗ ಸಂಕಟ ಆಗ್ತೈತಿ. ಅದಕ್ಕ ಇದನ್ನ ಬರೀಲಿಕತ್ತೀನಿ, ಎರಡು ದಿನ ಇಟ್ಕೊಂಡು ಬರ್ರಿ, ಹೆಂಗ ತಿರುಗಬೇಕು ಅಂತ ನಾನು ಹೇಳ್ತೀನಿ.

ಮೊದಲ ಊರಿನ ನಕ್ಷಿ ತಲಿಯಾಗ ಇಟ್ಕೋರಿ. ಊರ ಸುತ್ತ ದೊಡ್ಡ ಕೋಟೆ ಗ್ವಾಡಿ ಐತಿ, ಸುಮಾರು 10 ಕಿಲೋಮೀಟರ್ ಸುತ್ತಳತೆ. ಇಲ್ಲಿಂದ ರಾಜ್ಯ ಆಳಿದ ಆದಿಲಶಾಹಿ ಮನೆತನದ ಬಾದಶಹ ಒಂದನೇ ಅಲಿ ಆದಿಲಶಾಹ 1565ರ ಆಸುಪಾಸು, ಅಂದ್ರ ರಕ್ಕಸ ತಂಗಡಗಿ ಯುದ್ಧ ನಡದ ಹೊತ್ತಿನಾಗ, ಇದನ್ನ ಮುಗಿಸಿದ. ಆ ಗ್ವಾಡಿ ನಡುವ ಇನ್ನೊಂದು ಸಣ್ಣ ಕೋಟೆ, ಅದಕ್ಕ ಅರಕಿಲ್ಲೆ ಅಂತೀವಿ, ಬಾದಶಹರು ಇರ್ತಿದ್ದ ಜಾಗ ಅದು, ಮಹಲುಗಳೆಲ್ಲ ಅಲ್ಲೇ ಅದಾವ. ಗೋಲಗುಂಬಜ್ ಪೂರ್ವಕ್ಕ, ಇಬ್ರಾಹಿಂ ರೋಜಾ, ಅಂದ್ರ ಎರಡನೇ ಇಬ್ರಾಹಿಂ ಆದಿಲಶಾಹನ ಗೋರಿ, ಪಶ್ಚಿಮಕ್ಕ ಗ್ವಾಡಿ ಹೊರಗ. ನಡುವ ಅರಕಿಲ್ಲೆ. ಇಷ್ಟು ಗೊತ್ತಿದ್ರ ಊರಾಗ ದಾರಿ ತಪ್ಪಾಂಗಿಲ್ಲ.

ಇನ್ನೊಂದು ಮಾತು, ಇದು ಗೊತ್ತಿದ್ರ ನೋಡೋ ಕಣ್ಣ ಬ್ಯಾರೆ ಆಗ್ತೈತಿ. ನಮ್ಮದು ಬರದ ಸೀಮಿ, ಮಳಿ ಕಡಿಮಿ, ಬಿಸ್ಲು ಬೆಂಕಿ. ಇಂಥಾ ಊರಾಗ ಲಕ್ಷಾಂತರ ಮಂದಿ ಬಾಳ್ವೆ ಮಾಡಿದ್ರು, ಮಹಲಿನ ಮುಂದ ಕಾರಂಜಿ ಹಾರತಿತ್ತು, ತೋಟಕ್ಕ ನೀರು ಹರೀತಿತ್ತು ಅಂದ್ರ ಅದು ಹೆಂಗ ಆತು? ಪಶ್ಚಿಮಕ್ಕ ತೊರವಿ ಕಡಿಂದ ನೆಲದೊಳಗ ಸುರಂಗ ಕೊರದು ನೀರು ತಂದ್ರು, ಆಮ್ಯಾಲ 1651ರಾಗ ಮಹಮ್ಮದ ಆದಿಲಶಾಹ ಊರ ದಕ್ಷಿಣಕ್ಕ ಬೇಗಂ ತಲಾಬ್ ಕಟ್ಟಿಸಿ ಅಲ್ಲಿಂದ ಮಣ್ಣಿನ ಕೊಳವಿಯೊಳಗ ನೀರು ಹರಿಸಿದ. ದಾರಿ ನಡುವ ಚೌಕಾಗಿ ಎತ್ತರದ ಕಲ್ಲಿನ ಗೋಪುರ ಕಟ್ಯಾರ, ಅವಕ್ಕ ಗಂಜ್ ಅಂತಾರ. ನೀರಿನ ಒತ್ತಡ ಹೆಚ್ಚಾಗಿ ಕೊಳವಿ ಒಡೀಬಾರದು, ಹೂಳು ತೆಳಗ ಕುಂಡ್ರಬೇಕು ಅಂತ ಮಾಡಿದ ಯುಕ್ತಿ ಅದು. ಈಗ್ಲೂ ಊರಾಗ ಅಲ್ಲೊಂದು ಇಲ್ಲೊಂದು ಗಂಜ್ ನಿಂತಾವ, ಸುತ್ತ ಮನಿ, ಅಂಗಡಿ ಎದ್ದು ಯಾರಿಗೂ ಅದು ಏನಂತ ಗೊತ್ತಿಲ್ಲ. ನೀವು ತಿರುಗೂಮುಂದ ಎಲ್ಲಿ ಹೋದ್ರೂ ಒಂದು ಪ್ರಶ್ನೆ ಕೇಳ್ಕೋರಿ, ಇಲ್ಲಿಗೆ ನೀರು ಎಲ್ಲಿಂದ ಬರ್ತಿತ್ತು ಅಂತ. ಗ್ವಾಡ್ಯಾಗ ಕೊಳವಿ ತೂತು, ನೆಲದಾಗ ಸಣ್ಣ ಕಾಲುವಿ, ಒಣಗಿದ ಹೊಂಡ ಎಲ್ಲಾ ಕಣ್ಣಿಗೆ ಬೀಳಾಕ ಶುರು ಆಗ್ತಾವ.

ಯಾವಾಗ ಬರಬೇಕು ಅಂದ್ರ ನವೆಂಬರಿಂದ ಫೆಬ್ರವರಿ. ಜನವರಿಯಾಗ ಸಂಕ್ರಾಂತಿ ಹೊತ್ತಿಗೆ ಸಿದ್ಧೇಶ್ವರ ಜಾತ್ರಿ ಇರ್ತೈತಿ, ಊರು ತುಂಬಿ ತುಳಕ್ತೈತಿ, ಲಾಡ್ಜ್ ಸಿಗೋದು ಕಷ್ಟ, ಆದ್ರ ಜಾತ್ರಿ ನೋಡೋ ಆಸೆ ಇದ್ರ ಮೊದಲ ರೂಮ್ ಬುಕ್ ಮಾಡ್ಕೊಂಡು ಬರ್ರಿ, ಎರಡೂ ಆಗ್ತೈತಿ. ಮಳಿಗಾಲದ ಕಡಿಗೆ, ಸೆಪ್ಟೆಂಬರ್ ಅಕ್ಟೋಬರ್‌ದಾಗೂ ಚಲೋ, ಹೊಂಡದಾಗ ನೀರು ಇರ್ತೈತಿ, ಹುಲ್ಲು ಹಸರು ಇರ್ತೈತಿ. ಮಾರ್ಚ್ ಮುಗಿದ ಮ್ಯಾಲ ಮಾತ್ರ ಬ್ಯಾಡ್ರಿ. ಒಂದ್ಸಲ ಏಪ್ರಿಲ್ ರಜಾದಾಗ ನಮ್ಮ ಅತ್ತಿ ಬಂದಿದ್ರು, ಮಧ್ಯಾಹ್ನ ಎರಡಕ್ಕ ಇಬ್ರಾಹಿಂ ರೋಜಾಕ್ಕ ಕರ್ಕೊಂಡು ಹೋದೆ, ಅಲ್ಲಿ ಕಟ್ಟಿ ಹತ್ತೋಕಿಂತ ಮೊದಲ ಚಪ್ಪಲಿ ಬಿಡಬೇಕು, ಕರಿಕಲ್ಲಿನ ನೆಲ ಹಂಚಿನಂಗ ಕಾದಿತ್ತು, ಪಾಪ ಅವ್ರ ಅಂಗಾಲು ಬೊಬ್ಬಿ ಎದ್ದು ಮೂರು ದಿನ ನೆಲಕ್ಕ ಕಾಲು ಊರಾಕ ಆಗಲಿಲ್ಲ. ಅವತ್ತಿಂದ ಯಾರು ಬಂದ್ರೂ ಮೊದಲ ಹೇಳೋದು ಇದ, ದಪ್ಪನ ಕಾಲುಚೀಲ ತರ್ರಿ. ಗೋಲಗುಂಬಜ್‌ದಾಗೂ ಪಾದರಕ್ಷೆ ಹೊರಗ ಬಿಡಬೇಕು, ಕಾಲುಚೀಲ ಇದ್ರ ಚಳಿಗಾಲದ ಮುಂಜಾನೆ ಥಂಡಿಗೂ ಆತು, ಬ್ಯಾಸಿಗಿ ಬಿಸ್ಲಿಗೂ ಆತು.

ಬರೋ ದಾರಿ ಸರಳ ಐತಿ. ಸೊಲ್ಲಾಪುರದಿಂದ ಸುಮಾರು 100 ಕಿಲೋಮೀಟರ್, ಬಾಗಲಕೋಟೆ ಅದಕ್ಕಿಂತ ಹತ್ರ, ಬೆಂಗಳೂರಿಂದ ಟ್ರೇನಿಗೆ ಸಂಜಿಗೆ ಹತ್ತಿದ್ರ ಮರುದಿನ ಮುಂಜಾನೆ ಇಳೀತೀರಿ, ಆ ಗಾಡಿ ಹೆಸರ ಗೋಲಗುಂಬಜ್ ಎಕ್ಸ್‌ಪ್ರೆಸ್. ಸ್ಟೇಷನ್‌ದಿಂದ ಗುಂಬಜ್ ನಡಕೊಂಡು ಹೋಗೋವಷ್ಟು ಹತ್ರ. ಊರಾಗ ತಿರುಗಾಕ ಆಟೋ, ಟಂಟಂ ಸಿಗ್ತಾವ. ಆಟೋದವ್ರಿಗೆ ಮೊದಲ ಪೂರ್ತಿ ದಿನದ ರೇಟ್ ಮಾತಾಡ್ಕೋರಿ, ಎಲ್ಲೆಲ್ಲಿ ನಿಲ್ಲಿಸಬೇಕು ಅಂತ ಹೆಸರು ಹೇಳಿ ಮಾತಾಡ್ರಿ, ಇಲ್ಲಾಂದ್ರ ನಾಕು ಜಾಗ ತೋರಿಸಿ ಆತ್ರೀ ಸರ್ ಅಂತಾರ. ಟಾಂಗಾ ಕಣ್ಣಿಗೆ ಬಿದ್ರ, ಅದರಾಗ ಒಂದ್ಸಲ ಕುಂತು ನೋಡ್ರಿ, ಸಣ್ಣ ಹುಡುಗರಿಗಂತೂ ಗುಂಬಜಕ್ಕಿಂತ ಟಾಂಗಾನ ಹೆಚ್ಚು ನೆನಪಿರ್ತೈತಿ.

ಮೊದಲನೇ ದಿನ ಮುಂಜಾನೆ 6ಕ್ಕ ಗೋಲಗುಂಬಜ್ ಗೇಟ್ ಮುಂದ ನಿಂದರ್ರಿ. ಇದರಾಗ ಮಾತ್ರ ನಾನು ಯಾರ ಮಾತೂ ಕೇಳಾಂಗಿಲ್ಲ. ಒಂಬತ್ತಾತು ಅಂದ್ರ ಸಾಲಿ ಹುಡುಗರ ಬಸ್ಸು ಬರ್ತಾವ, ಮ್ಯಾಲಿನ ಗ್ಯಾಲರಿಯಾಗ ನೂರು ಹುಡುಗರು ಕೂಗ್ತಿದ್ರ ಪಿಸುಮಾತು ಎಲ್ಲಿಂದ ಕೇಳ್ಬೇಕು. ಟಿಕೆಟ್ ಕ್ಯೂಆರ್ ಸ್ಕ್ಯಾನ್ ಮಾಡಿ ತಗೊಂಡ್ರ ಐದು ರೂಪಾಯಿ ಕಡಿಮಿ ಬೀಳ್ತೈತಿ, 15 ವರ್ಷದ ಒಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಒಳಗ ಹೋಗಿ ಮೊದಲ ತೆಳಗ ನಡುವ ನಿಂತು ಮ್ಯಾಲ ನೋಡ್ರಿ. ಹೊರಗಿಂದ ಅಳದ್ರ ಗುಂಬಜಿನ ಅಡ್ಡಳತೆ 44 ಮೀಟರ್, ಒಳಗ ಒಂದು ಕಂಬ ಇಲ್ಲ. ನಾಕು ಮೂಲಿ ಕೋಣಿ ಮ್ಯಾಲ ಗುಂಡನ ಗುಂಬಜ್ ಹೆಂಗ ಕುಂತಿತು ಅಂತ ಕಾಣಬೇಕಂದ್ರ ಕಮಾನುಗಳನ್ನ ನೋಡ್ರಿ, ಎಂಟು ಕಮಾನು ಒಂದರ ಮ್ಯಾಲೊಂದು ಹಾಯ್ದು ಹೆಣ್ಕೊಂಡಾವ, ಬುಟ್ಟಿ ಹೆಣದಂಗ, ಆ ಹೆಣಿಗೆ ಚೌಕನ್ನ ಗುಂಡಗ ಮಾಡಿ ಭಾರ ಎಲ್ಲಾ ದಪ್ಪ ಗ್ವಾಡಿಗೆ ಇಳಿಸ್ತೈತಿ. ಕಟ್ಟೆ ಮ್ಯಾಲ ಕಾಣೋ ಗೋರಿ ಬರೇ ಗುರುತಿಗೆ, ಮಹಮ್ಮದ ಆದಿಲಶಾಹ ಮತ್ತ ಅವನ ಮನಿಯವ್ರ ಖರೇ ಗೋರಿ ತೆಳಗ ನೆಲಮನಿಯಾಗ ಅದಾವ.

ಮ್ಯಾಲ ಹತ್ತೋದು ಮೂಲ್ಯಾಗಿನ ಏಳಂತಸ್ತಿನ ಗೋಪುರದೊಳಗಿನ ಮೆಟ್ಟಿಲಿಂದ. ಮೆಟ್ಟಿಲು ಸಣ್ಣವು, ಎತ್ತರ ಅದಾವ, ನೂರಕ್ಕಿಂತ ಹೆಚ್ಚು, ಮೊಣಕಾಲು ನೋವಿದ್ದವ್ರು ತೆಳಗ ಇದ್ರ ತಪ್ಪೇನಿಲ್ಲ, ತೋಟದಾಗ ಕುಂಡ್ರಾಕ ನೆಳ್ಳು ಐತಿ. ಹತ್ತವ್ರು ಪ್ರತಿ ಅಂತಸ್ತಿನಾಗ ಕಿಟಕಿ ಕಡಿ ಒಂದು ನಿಮಿಷ ನಿಂತು ಉಸಿರು ತಗೊಂಡು ಹತ್ರಿ. ಗ್ಯಾಲರಿಯಾಗ ಒಬ್ರು ಈ ಕಡಿ, ಇನ್ನೊಬ್ರು ಎದುರುಗಡಿ ಗ್ವಾಡಿಗೆ ಕಿವಿ ಹಚ್ಚಿ ಕುಂಡರ್ರಿ, ಕೂಗಬ್ಯಾಡ್ರಿ, ಮೆಲ್ಲಕ ಹೆಸರು ಹೇಳ್ರಿ, ಕಾಗದ ಮಡಚ್ರಿ, ಬೆಂಕಿಪಟ್ಣ ಅಲುಗಾಡಿಸ್ರಿ, 37 ಮೀಟರ್ ಆಚೆ ಕಿವ್ಯಾಗ ಹೇಳಿದಂಗ ಕೇಳ್ತೈತಿ. ಒಂದು ಚಪ್ಪಾಳಿ ಹೊಡದು ಎಷ್ಟು ಸಲ ವಾಪಸ್ ಬರ್ತೈತಿ ಎಣಸ್ರಿ, ಏಳು ಅಂತ ಹೇಳ್ತಾರ, ಸುಮ್ಮನಿದ್ದ ಮುಂಜಾನೆ ನಾನು ಅದಕ್ಕಿಂತ ಹೆಚ್ಚು ಎಣಸೀನಿ. ಆಮ್ಯಾಲ ಗುಂಬಜಿನ ಹೊರಗಿನ ಪಡಸಾಲಿಗೆ ಬಂದು ಪಶ್ಚಿಮಕ್ಕ ನೋಡ್ರಿ, ಇಡೀ ಊರು ಕಾಣ್ತೈತಿ, ಅಲ್ಲಿಂದ ಅರಕಿಲ್ಲೆ ಯಾವ ಕಡಿ, ಎತ್ತರ ನಿಂತಿರೋ ಉಪ್ಪಲಿ ಬುರುಜು ಯಾವುದು ಅಂತ ಗುರುತಿಸ್ಕೋರಿ. ಮುಂದಿನ ಎರಡು ದಿನದ ದಾರಿ ಅಲ್ಲೇ ಕಣ್ಣ ಮುಂದ ಬಿಚ್ಚಿಟ್ಟಂಗ ಇರ್ತೈತಿ.

ಇಳದ ಮ್ಯಾಲ ಮುಂದಿನ ನಗಾರಖಾನೆಯಾಗ, ಅಂದ್ರ ನಗಾರಿ ಬಾರಿಸೋ ಕಟ್ಟಡದಾಗ, ಮ್ಯೂಸಿಯಂ ಐತಿ, 1892ರಿಂದ ಇರೋದು, ಶಾಸನ, ಹಳೆ ನಕ್ಷಿ, ಆಯುಧ, ಚಿತ್ರ ಎಲ್ಲಾ ಅದಾವ. ಶುಕ್ರವಾರ ರಜಾ, ಅದನ್ನ ನೋಡ್ಕೊಂಡು ದಿನ ಗೊತ್ತು ಮಾಡ್ರಿ.

ಗುಂಬಜ್ ಮುಗಿಸಿ ನಾಷ್ಟಾ ಮಾಡಿ ಹತ್ತರ ಒಳಗ ಅರಕಿಲ್ಲೆಗೆ ಬರ್ರಿ. ದಾರ್ಯಾಗ ಜುಮ್ಮಾ ಮಸೀದಿ, ಒಂದನೇ ಅಲಿ ಆದಿಲಶಾಹ ಶುರು ಮಾಡಿಸಿದ್ದು, ಒಳಗ ನೆಲದ ಮ್ಯಾಲ ಒಬ್ಬೊಬ್ರು ನಮಾಜಿಗೆ ಕುಂಡ್ರೋ ಹಂಗ 2250 ಮನಿ ಗೆರಿ ಹಾಕ್ಯಾರ, ಅದು ಆಮ್ಯಾಲ ಔರಂಗಜೇಬನ ಕಾಲದ್ದು. ಶುಕ್ರವಾರ ಮಧ್ಯಾಹ್ನ ಪ್ರಾರ್ಥನೆ ಹೊತ್ತು ಬಿಟ್ಟು ಹೋಗ್ರಿ, ಮೈತುಂಬ ಬಟ್ಟಿ ಹಾಕ್ಕೊಂಡು ಹೋಗ್ರಿ. ಅಲ್ಲಿಂದ ಅರಕಿಲ್ಲೆ ಕಡಿ ಬರೂಮುಂದ ಮೆಹತರ ಮಹಲ್ ಸಿಗ್ತೈತಿ. ಹೆಸರು ಮಹಲ್, ಆದ್ರ ಅದು ಒಂದು ಮಸೀದಿಯ ಬಾಗಿಲು. ಬಾಲ್ಕನಿ ತೆಳಗಿನ ಕಲ್ಲಿನ ಬ್ರ್ಯಾಕೆಟ್ ನೋಡ್ರಿ, ಕಟಗಿ ಕೆತ್ತಿದಂಗ ಕಲ್ಲು ಕೆತ್ಯಾರ. ಭಾಳ ಮಂದಿ ಆಟೋದಾಗ ಇದರ ಮುಂದಿಂದನ ಹಾದು ಹೋಗ್ತಾರ, ಇಳದು ನೋಡಾಂಗಿಲ್ಲ.

ಅರಕಿಲ್ಲೆ ಅಂದ ಕೂಡ್ಲೆ ದೊಡ್ಡ ಗೇಟು, ಟಿಕೆಟ್ ಕೌಂಟರ್, ಬೋರ್ಡು ಹುಡಕಬ್ಯಾಡ್ರಿ, ಇದು ಈಗ ಊರ ನಡುವಿನ ಓಣಿ ಇದ್ದಂಗ. ಕಚೇರಿ, ರಸ್ತೆ, ಮನಿ ಎಲ್ಲಾ ಒಳಗ ಸೇರ್ಕೊಂಡಾವ. ಅದಕ್ಕ ಇಲ್ಲಿ ಆಟೋ ಬಿಟ್ಟು ನಡೀಬೇಕು, ಒಂದೂವರೆ ಎರಡು ತಾಸು ಸಾಕು. ಗಗನ ಮಹಲ್‌ದಿಂದ ಶುರು ಮಾಡ್ರಿ. 1561ರಾಗ ಒಂದನೇ ಅಲಿ ಕಟ್ಟಿಸಿದ ದರ್ಬಾರು. ಮೂರು ಕಮಾನು, ನಡುವಿನ ಕಮಾನಿನ ಅಗಲ 18 ಮೀಟರಿಗಿಂತ ಹೆಚ್ಚು, ಎರಡು ಬದಿ ಕಮಾನು ಅಷ್ಟ ಎತ್ತರ ಆದ್ರ ಕಿರಿದು. ತೆಳಗ ದರ್ಬಾರು, ಮ್ಯಾಲ ಬಾದಶಹನ ಮನಿ. ಮ್ಯಾಲಿಂದೆಲ್ಲಾ ಕಟಗಿದಿತ್ತು, ಹೋಗೇಬಿಟ್ಟೈತಿ, ಈಗ ಕಮಾನಿನೊಳಗಿಂದ ಆಕಾಶನ ಕಾಣ್ತೈತಿ. 1686ರಾಗ ಔರಂಗಜೇಬ ಊರು ಗೆದ್ದಾಗ ಕಡಿ ಸುಲ್ತಾನ ಸಿಕಂದರನ್ನ ಬೆಳ್ಳಿ ಸರಪಳಿ ಹಾಕಿ ಇಲ್ಲೇ ನಿಲ್ಲಿಸಿದ್ರು ಅಂತ ಹೇಳ್ತಾರ, ಹದಿನೆಂಟರ ಹರೆ ಇರಬೇಕು ಆ ಹುಡುಗಂದು. ಮುಂದ ತೋಟ ಐತಿ, ಸಂಜಿಗೆ ಊರ ಮಂದಿ ಬಂದು ಕುಂಡರ್ತಾರ, ಮಕ್ಕಳು ಓಡಾಡ್ತಾವ. ನಾನು ಸಣ್ಣಾಂವ ಇದ್ದಾಗ ಅಬ್ಬಾ ಎಷ್ಟು ಎತ್ತರ ಅಂತ ಕುತ್ತಿಗಿ ನೋವು ಬರೋ ತನಕ ನೋಡ್ತಿದ್ದೆ, ಈಗ್ಲೂ ಹಂಗ ಅನಸ್ತೈತಿ.

ಅಲ್ಲೇ ಸಮೀಪ ಸಾತ್ ಮಂಜಿಲ್. ಎರಡನೇ ಇಬ್ರಾಹಿಂ 1583ರಾಗ ಕಟ್ಟಿಸಿದ್ದು, ಏಳಂತಸ್ತು ಇತ್ತು, ಈಗ ಐದು ಉಳದಾವ. ಇದನ್ನ ಬರೇ ಮುರಕಲು ಮಹಲು ಅಂತ ನೋಡಿ ಹೋಗಬ್ಯಾಡ್ರಿ, ಗ್ವಾಡಿಯಾಗ ನೀರಿನ ಕೊಳವಿ ಹಾದ ಗುರುತು ಹುಡುಕ್ರಿ. ಎರಡನೇ, ಮೂರನೇ ಅಂತಸ್ತಿಗೂ ನೀರು ಏರಿಸಿ ಅಲ್ಲಿ ತೊಟ್ಟಿ, ಸ್ನಾನದ ಜಾಗ ಮಾಡಿದ್ರು. 1583ರಾಗ, ಈ ಬರದ ಊರಾಗ! ನಮ್ಮ ಅಪಾರ್ಟ್‌ಮೆಂಟಿನಾಗ ಮೂರನೇ ಫ್ಲೋರಿಗೆ ಇವತ್ತಿಗೂ ಬ್ಯಾಸಿಗ್ಯಾಗ ನೀರು ಏರಾಂಗಿಲ್ಲ. ಅದರ ಎದುರಿಗೆ ರಸ್ತೆ ಬದಿ ಗೊಂಬಿ ಮನಿಯಂಗ ಸಣ್ಣ ಕಟ್ಟಡ ಐತಿ, ಅದ ಜಲ ಮಂಜಿಲ್. ಸುತ್ತ ನೀರು ನಿಲ್ಲೋ ತೊಟ್ಟಿ ಇತ್ತು, ನಡುವ ಈ ಮಂಟಪ. ಈಗ ನೀರಿನ ಬದಲು ಗಾಡಿ ಹರೀತಾವ. ಚಜ್ಜಾದ, ಅಂದ್ರ ಗ್ವಾಡಿಯಿಂದ ಹೊರಗ ಚಾಚಿದ ಸೂರಿನ, ಕೆಳಗಿನ ಕೆತ್ತನೆ ಭಾಳ ಸೂಕ್ಷ್ಮ ಐತಿ, ಹತ್ರ ಹೋಗಿ ನೋಡ್ರಿ, ಆದ್ರ ಗಾಡಿ ನೋಡ್ಕೊಂಡು.

ಅರಕಿಲ್ಲೆಯೊಳಗ ನನಗ ಭಾಳ ಪ್ರೀತಿ ಇರೋದು ಕರೀಮುದ್ದೀನನ ಮಸೀದಿ. ಆದಿಲಶಾಹಿಗಿಂತಲೂ ಹಳೇದು, 1320ರದ್ದು. ಹಳೆ ಗುಡಿ ಕಂಬಗಳನ್ನ ಹಾಕಿ ಕಟ್ಯಾರ, ಒಳಗ ಹೋದ್ರ ಬಾದಾಮಿ ಐಹೊಳೆ ಕಡಿ ಗುಡ್ಯಾಗ ನಿಂತಂಗ ಅನಸ್ತೈತಿ. ಕಟ್ಟಿದಾಂವ ಸಾಲೋಟಗಿಯ ರೇವಯ್ಯ ಅನ್ನೋ ಬಡಿಗ ಅಂತ ಶಾಸನದಾಗ ಹೆಸರೇ ಬರದಾರ. ಬಾದಶಹರ ಹೆಸರು ಎಲ್ಲಾ ಕಡಿ ಸಿಗ್ತಾವ್ರಿ, ಕಟ್ಟಿದ ಬಡಿಗನ ಹೆಸರು ಉಳಿಯೋದು ಅಪರೂಪ, ಇಂಡಿ ತಾಲೂಕಿನ ಸಾಲೋಟಗಿ ಇವತ್ತಿಗೂ ಐತಿ. ಹಂಗ ಕಂದಕದ ಕಡಿ ನರಸಿಂಹನ ಗುಡಿ ಐತಿ, ಎರಡನೇ ಇಬ್ರಾಹಿಂ ಅಲ್ಲಿ ಬಂದು ಕುಂಡ್ರತಿದ್ದ ಅಂತ ಊರಾಗ ಹೇಳ್ತಾರ. ಸಂಗೀತದ ಹುಚ್ಚು ಇದ್ದಾಂವ, ಸರಸ್ವತಿನ್ನ ನೆನಸ್ತಿದ್ದಾಂವ, ಮಂದಿ ಅವನ್ನ ಜಗದ್ಗುರು ಬಾದಶಹ ಅಂತ ಕರೀತಿದ್ರು.

ಅರಕಿಲ್ಲೆ ಪೂರ್ವಕ್ಕ ಕಂದಕ ದಾಟಿದ್ರ ಅಸರ ಮಹಲ್. 1646ರ ಹೊತ್ತಿಗೆ ನ್ಯಾಯ ಕೊಡಾಕ ಅಂತ ಕಟ್ಟಿಸಿದ್ದು, ಆಮ್ಯಾಲ ಪ್ರವಾದಿಯವರ ಕೂದಲು ಇಟ್ಟ ಪವಿತ್ರ ಜಾಗ ಆತು. ಹೆಣ್ಮಕ್ಕಳನ್ನ ಒಳಗ ಬಿಡಾಂಗಿಲ್ಲ, ಮೊದಲ ಗೊತ್ತಿದ್ರ ಬ್ಯಾಸರ ಆಗಾಂಗಿಲ್ಲ ಅಂತ ಹೇಳ್ತೀನಿ. ಮುಂದಿನ ಎತ್ತರದ ಸಾಗವಾನಿ ಕಂಬ ಹೊರಗಿಂದನ ಕಾಣ್ತಾವ, ಅದರ ಮುಂದಿನ ದೊಡ್ಡ ಹೊಂಡಕ್ಕ ಬೇಗಂ ತಲಾಬದಿಂದ ನೆಲದೊಳಗಿನ ಕೊಳವಿಯಿಂದ ನೀರು ಬರ್ತಿತ್ತು. ಹೊಂಡದ ಮೆಟ್ಟಿಲ ಮ್ಯಾಲ ಕುಂತು ಮಹಲಿನ ನೆರಳು ನೀರಾಗ ನೋಡ್ರಿ, ನೋಡಾಕ ಕಟ್ಟಿದ್ದ ಹಂಗ.

ಊಟಕ್ಕ ಗಾಂಧಿ ಚೌಕ ಕಡಿ ಬರ್ರಿ. ಯಾವುದರ ಲಿಂಗಾಯತ ಖಾನಾವಳಿ ಹೊಕ್ಕು ಜ್ವಾಳದ ರೊಟ್ಟಿ, ಎಣಗಾಯಿ, ಝುಣಕ, ಶೇಂಗಾ ಚಟ್ನಿ, ಮೊಸರು. ಮಧ್ಯಾಹ್ನ ಒಂದರಿಂದ ಮೂರೂವರೆ ತನಕ ಹೊರಗ ತಿರುಗಬ್ಯಾಡ್ರಿ, ರೂಮಿಗೆ ಹೋಗಿ ಮಲಕೋರಿ. ಖರೇನ ಹೇಳ್ತೀನಿ.

ಎದ್ದ ಮ್ಯಾಲ ಪಶ್ಚಿಮಕ್ಕ. ದಾರ್ಯಾಗ ಬಾರಾ ಕಮಾನ್ ಹತ್ತು ನಿಮಿಷ ನೋಡ್ರಿ, ಎರಡನೇ ಅಲಿ ಆದಿಲಶಾಹ ಗೋಲಗುಂಬಜಕ್ಕಿಂತ ದೊಡ್ಡದು ಮಾಡಬೇಕಂತ ಶುರು ಮಾಡಿಸಿದ್ದು, 1672ರಾಗ ಅವನು ತೀರ್ಕೊಂಡ, ಕಮಾನು ಅರ್ಧಕ್ಕ ನಿಂತಾವ. ಉಪ್ಪಲಿ ಬುರುಜು 1584ರದ್ದು, ಹೊರಗಿಂದ ಸುತ್ತ ಮೆಟ್ಟಿಲು, ಸುಮಾರು 24 ಮೀಟರ್ ಎತ್ತರ, ಮ್ಯಾಲ ಉದ್ದನ ತೋಫು ಅದಾವ, ಕಟಕಟಿ ಗಟ್ಟಿ ಇಲ್ಲ, ಮಕ್ಕಳ ಕೈ ಹಿಡ್ಕೋರಿ. ಮಲಿಕ್ ಎ ಮೈದಾನ್ ತೋಫಿಗೆ ಅರ್ಧ ತಾಸು ಕೊಡ್ರಿ. 1549ರಾಗ ಅಹಮದನಗರದಾಗ ಎರಕ ಹೊಯ್ದದ್ದು, 55 ಟನ್ ತೂಕ, ಸಿಂಹದ ಬಾಯಿ, ಬಾಯೊಳಗ ಆನಿ ಸಿಕ್ಕಂಗ ಮಾಡ್ಯಾರ. ಕೈಯಿಂದ ಮೆಲ್ಲಕ ಬಡದ್ರ ಗಂಟಿಯಂಗ ಸಪ್ಪಳ ಬರ್ತೈತಿ, ಉರಿಬಿಸಲಾಗೂ ಮುಟ್ಟಿದ್ರ ತಂಪ ಇರ್ತೈತಿ ಅಂತಾರ. ಬ್ರಿಟಿಷರ ಕಾಲಕ್ಕ 1854ರಾಗ ಹರಾಜಿಗೆ ಇಟ್ಟು ಬರೇ 150 ರೂಪಾಯಿಗೆ ಕೂಗಿದ್ರಂತ, ಆಮ್ಯಾಲ ಯಾರೋ ಬುದ್ಧಿವಂತರು ರದ್ದು ಮಾಡಿಸಿ ಉಳಿಸಿದ್ರು. ಇಲ್ಲೂ ನೀರಿನ ಕತಿ ಐತಿ, ಬತ್ತಿಗೆ ಬೆಂಕಿ ಹಚ್ಚಿದಾಂವ ಕಿವಿ ಉಳಿಸ್ಕೊಳ್ಳಾಕ ಬಾಜೂಕಿನ ತೊಟ್ಟಿಯೊಳಗ ಮುಳುಗ್ತಿದ್ದ ಅಂತ ಹೇಳ್ತಾರ.

ಸಂಜಿ ನಾಕೂವರೆಗೆ ಸರಿಯಾಗಿ ಇಬ್ರಾಹಿಂ ರೋಜಾದಾಗ ಇರ್ರಿ, ಕತ್ತಲಾಗೋ ತನಕ ಅಲ್ಲೇ ಇರ್ರಿ. ಇಡೀ ಬಿಜಾಪುರದಾಗ ನನಗ ಒಂದ ಜಾಗ ನೋಡಾಕ ಬಿಟ್ರ ನಾನು ಗುಂಬಜ್ ಬಿಟ್ಟು ಇಲ್ಲಿಗೆ ಬರ್ತೀನಿ. ಎತ್ತರದ ಗ್ವಾಡಿ ಸುತ್ತ, ದೊಡ್ಡ ಬಾಗಿಲು, ಒಳಗ ಕಾಲಿಟ್ರ ತೋಟ, ತೋಟದ ನಡುವ ಎತ್ತರದ ಒಂದ ಕಟ್ಟಿ ಮ್ಯಾಲ ಎದುರುಬದುರು ಎರಡು ಕಟ್ಟಡ, ಒಂದು ಗೋರಿ, ಒಂದು ಮಸೀದಿ, ಎರಡರ ನಡುವ ಹೊಂಡ ಮತ್ತ ಕಾರಂಜಿ. ರಾಣಿ ತಾಜ್ ಸುಲ್ತಾನಾಳ ಸಲುವಾಗಿ ಶುರು ಆಗಿದ್ದು, ಆದ್ರ 1627ರಾಗ ಇಬ್ರಾಹಿಂನ ಮೊದಲ ತೀರ್ಕೊಂಡ. ಕೆಲಸ ಮಾಡಿಸಿದಾಂವ ಮಲಿಕ್ ಸಂದಲ್. ಆಗ್ರಾದ ತಾಜಮಹಲಿಗೆ ಇದ ಪ್ರೇರಣೆ ಅಂತ ಊರಾಗ ಎಲ್ಲಾರೂ ಹೇಳ್ತಾರ, ಅದು ಖರೇನೋ ಏನೋ ಅನ್ನೋ ವಾದಕ್ಕ ನಾನು ಹೋಗಾಂಗಿಲ್ಲ, ಇದು ತನ್ನಷ್ಟಕ್ಕ ತಾನ ಚಂದ ಐತಿ.

ತೋಟ ಹೆಂಗ ನೋಡಬೇಕು ಅಂತ ಹೇಳ್ತೀನಿ. ಈಗ ಇರೋ ಹುಲ್ಲಿನ ಹಾಸು ಪುರಾತತ್ವ ಇಲಾಖೆಯವ್ರು ಬೆಳಿಸಿದ್ದು, ಚಂದ ಇಟ್ಟಾರ, ಆದ್ರ ಆದಿಲಶಾಹಿ ಕಾಲದ ತೋಟ ಅಂದ್ರ ಹುಲ್ಲಲ್ಲ, ನೀರು, ನೆಳ್ಳು, ಹೂವಿನ ವಾಸನಿ, ಹಣ್ಣಿನ ಗಿಡ. ಅದನ್ನ ಮನಸಿನ್ಯಾಗ ಕಟ್ಕೊಂಡು ನಡೀರಿ. ಬಾಗಿಲಿಂದ ಸೀದಾ ಕಟ್ಟಿ ಹತ್ತಬ್ಯಾಡ್ರಿ, ಮೊದಲ ಗ್ವಾಡಿಗುಂಟ ತೋಟ ಒಂದು ಸುತ್ತು ಹಾಕ್ರಿ, ಎರಡು ಕಟ್ಟಡ ಒಂದರ ಹಿಂದ ಒಂದು ಸರಿದು, ಆಮ್ಯಾಲ ಬಿಡಿಬಿಡಿ ಆಗಿ, ಮಿನಾರುಗಳು ಎಣಿಸಿದಷ್ಟು ಸಲ ಜಾಗ ಬದಲಿಸಿದಂಗ ಕಾಣ್ತಾವ. ಆಮ್ಯಾಲ ಚಪ್ಪಲಿ ಬಿಟ್ಟು ಮ್ಯಾಲ ಬಂದು ಹೊಂಡದ ದಂಡಿಗೆ ನಿಂತು ಎರಡೂ ಕಡಿ ಮಾರಿ ತಿರುವಿ ನೋಡ್ರಿ. ನೀರು ತುಂಬಿ ಕಾರಂಜಿ ಹಾರತಿತ್ತು ಅಂದ್ಕೋರಿ, ಎರಡೂ ಕಟ್ಟಡದ ನೆರಳು ಒಂದ ನೀರಾಗ ಕೂಡ್ತಿತ್ತು.

ಗೋರಿ ಕಡಿ ಹೋಗಿ ಹೊರಗ್ವಾಡಿಗೆ ಸಮೀಪ ನಿಂದರ್ರಿ. ಗ್ವಾಡಿ ತುಂಬ ಅಕ್ಷರ, ಬಳ್ಳಿ, ಹೂವು. ಕಿಟಕಿ ಮ್ಯಾಲಿನ ಜಾಳಿಗಿ ಅರಬಿ ಅಕ್ಷರದ್ದು, ಕಲ್ಲಿನಾಗ ಅಕ್ಷರ ಉಳಿಸಿ ನಡುವಿನ ಕಲ್ಲು ತಗದಾರ, ಸಂಜಿ ಬಿಸ್ಲು ಆ ಅಕ್ಷರದ ಸಂದಿಯಿಂದ ಒಳಗ ಬೀಳ್ತೈತಿ. ನಾಕೂವರೆ ಅಂತ ಹಟ ಹಿಡದಿದ್ದು ಇದಕ್ಕ. ಒಳಗಿನ ಮಾಳಿಗಿ ಸಪಾಟ ಐತಿ, ಕಲ್ಲುಗಳು ಯಾವ ಆಸರಾನೂ ಇಲ್ದಂಗ ತೂಗ್ತಾವ, ಗಚ್ಚಿನ ಬಲದ ಮ್ಯಾಲ ನಾಕುನೂರು ವರ್ಷದಿಂದ ಹಂಗ ನಿಂತೈತಿ. ಮಸೀದಿ ಚಜ್ಜಾಕ್ಕ ಕಲ್ಲಿನ ಸರಪಳಿ ಜೋತು ಬಿದ್ದಿರೋದು ನೋಡ್ರಿ, ಒಂದ ಕಲ್ಲಿನಾಗ ಕೊಂಡಿಗೆ ಕೊಂಡಿ ಬಿಡಿಸಿ ಕೆತ್ತಿದ್ದು, ಕೆಲವು ಮುರದಾವ, ಕೆಲವು ಇನ್ನೂ ಅದಾವ. ಮಕ್ಕಳಿಗೆ ಎಣಸಾಕ ಹೇಳ್ರಿ, ಸುಮ್ಮನ ಕುಂಡ್ರತಾವ. ಗ್ವಾಡಿ ಮ್ಯಾಲ ಹೆಸರು ಕೆತ್ತೋರನ್ನ ಕಂಡ್ರ ದಯವಿಟ್ಟು ಬಾಯಿ ಬಿಟ್ಟು ಹೇಳ್ರಿ, ನಾನು ಹೇಳ್ತೀನಿ, ಒಮ್ಮೊಮ್ಮೆ ಜಗಳಾನೂ ಆಗೈತಿ, ಆದ್ರ ಕೆತ್ತಿದ ಗೆರಿ ಮತ್ತ ಅಳಸಾಕ ಬರಾಂಗಿಲ್ಲ.

ಊರಾಗ ಬರೂಮುಂದ ತಾಜ್ ಬಾವಡಿ ದಾರ್ಯಾಗ ಸಿಗ್ತೈತಿ, 1620ರ ಹೊತ್ತಿಗೆ ಅದೇ ತಾಜ್ ರಾಣಿ ಹೆಸರಿಲೆ ಕಟ್ಟಿಸಿದ್ದು. ದೊಡ್ಡ ಕಮಾನು, ಅದರೊಳಗಿಂದ ಇಳಿಯೋ ಮೆಟ್ಟಿಲು, ತೆಳಗ ಕೆರಿಯಷ್ಟು ದೊಡ್ಡ ಬಾವಿ. ಸಣ್ಣಾಂವ ಇದ್ದಾಗ ಇದು ಕಸದ ಗುಂಡಿ ಆಗಿತ್ತು, ಮೂಗು ಮುಚ್ಕೊಂಡು ಹಾಯ್ತಿದ್ವಿ. ಕೆಲವು ವರ್ಷದ ಹಿಂದ ಹೂಳು, ಕಸ ಎಲ್ಲಾ ತಗದು ಸ್ವಚ್ಛ ಮಾಡಿದ್ರು, ತಳದಾಗ ಸೆಲಿ ಇನ್ನೂ ಜೀವಂತ ಇದ್ವು, ನೀರು ತಾನ ತುಂಬ್ಕೊಂತು. ನೋಡಾಕ ಬಂದವ್ರು ಬಾಟ್ಲಿ, ಚಿಪ್ಸ್ ಪ್ಯಾಕೆಟ್ ಅದರಾಗ ಒಗೀಬ್ಯಾಡ್ರಿ, ಕೈ ಮುಗಿದು ಕೇಳ್ತೀನಿ.

ಎರಡನೇ ದಿನ ಊರ ಹೊರಗ. ಮುಂಜಾನೆ ತೊರವಿಗೆ ಹೋಗ್ರಿ, ಐದಾರು ಕಿಲೋಮೀಟರ್. ಇಬ್ರಾಹಿಂ 1599ರಾಗ ನವರಸಪುರ ಅನ್ನೋ ಹೊಸ ಊರು ಕಟ್ಟಾಕ ಶುರು ಮಾಡಿದ್ದ, ಅದರಾಗ ಉಳದಿದ್ದು ಸಂಗೀತ ಮಹಲ್, ಗಗನ ಮಹಲಿನ ತಮ್ಮನಂಗ ಐತಿ, ಮುಂದ ಹೊಂಡ. ಊರ ಕುಡಿಯೋ ನೀರಿನ ಸುರಂಗ ಬಾವಿ ಇದೇ ಕಡಿ. ಸುರಂಗದ ಬಾಯಿ ಕಡಿ ಒಬ್ಬೊಬ್ರ ಇಳಿಯಾಕ ಹೋಗಬ್ಯಾಡ್ರಿ, ಮ್ಯಾಲಿಂದ ನೋಡಿದ್ರ ಸಾಕು. ಬ್ಯಾರೆ ಕಡಿ ತಿರುವಿ ಬೇಗಂ ತಲಾಬ್ ನೋಡ್ಕೊಂಡು ಬರಬಹುದು, ಮಳಿ ಆದ ವರ್ಷ ಚಂದ ತುಂಬಿರ್ತೈತಿ.

ಮಧ್ಯಾಹ್ನದ ಬಿಸ್ಲು ಇಳದ ಮ್ಯಾಲ ಕುಮಟಗಿ. ಸಿಂದಗಿ ರಸ್ತೆಗೆ ಸುಮಾರು 20 ಕಿಲೋಮೀಟರ್, ಬಸ್ ಅದಾವ, ಆದ್ರ ಸ್ವಂತ ಗಾಡಿ ಅಥವಾ ಬಾಡಗಿ ಗಾಡಿ ಚಲೋ. ಅಲ್ಲಿ ತಿನ್ನಾಕ ಏನೂ ಸಿಗಾಂಗಿಲ್ಲ ಅಂತನ ತಿಳ್ಕೊಂಡು ನೀರು, ಚುರಮರಿ, ಬಾಳಿಹಣ್ಣು ಕಟ್ಕೊಂಡು ಹೋಗ್ರಿ. ಇದು ಬಾದಶಹರ ಬ್ಯಾಸಿಗಿ ಮನಿ. ಕೆರಿ ಬಾಜೂಕ ಹೊಂಡ, ಹೊಂಡದ ನಡುವ ಎರಡಂತಸ್ತಿನ ಮಂಟಪ, ಅದಕ್ಕ ಹೋಗಾಕ ಸಣ್ಣ ಸೇತುವಿ. ಎತ್ತರದ ಗಂಜಿಗೆ ನೀರು ಏರಿಸಿ ಅಲ್ಲಿಂದ ಕೊಳವಿಗೆ ಬಿಟ್ರ ಮಂಟಪದ ಮಾಳಿಗಿಯಿಂದ ಸಣ್ಣ ಮಳಿಯಂಗ ನೀರು ಉದರತಿತ್ತು, ತೆಳಗ ಕಾರಂಜಿ ಹಾರತಿತ್ತು. ಮಾಳಿಗ್ಯಾಗ ಆ ತೂತು ಈಗ್ಲೂ ಕಾಣ್ತಾವ, ಅಂಗಾತ ಮಲಗಿ ನೋಡ್ರಿ. ಗಂಜಿನಿಂದ ಮಂಟಪದ ತನಕ ನಡಕೊಂಡು ಹೋಗಿ ನೀರಿನ ದಾರಿ ನೀವ ಹುಡುಕ್ರಿ, ನಿನ್ನೆ ಸಾತ್ ಮಂಜಿಲ್‌ದಾಗ ನೋಡಿದ ಕೊಳವಿ ಗುರುತು ಇಲ್ಲಿ ಪೂರ್ತಿ ಅರ್ಥ ಆಗ್ತೈತಿ. ಬಾಜೂಕಿನ ಕಟ್ಟಡದ ಗ್ವಾಡಿ ಮ್ಯಾಲ ಬಣ್ಣದ ಚಿತ್ರ ಅದಾವ, ಕುದರಿ ಮ್ಯಾಲ ಕುಂತು ಚೆಂಡು ಆಡೋರು, ಕುಸ್ತಿ ಹಿಡಿಯೋರು, ಪರದೇಶದ ಮಂದಿ. ಭಾಳ ಮಾಸ್ಯಾವ, ಜಾಳಿಗಿ ಹಾಕಿ ಕಾಪಾಡ್ಯಾರ, ಫ್ಲ್ಯಾಷ್ ಹಾಕಿ ಫೋಟೋ ತಗೀಬ್ಯಾಡ್ರಿ, ಕಣ್ಣು ಕತ್ತಲಿಗೆ ಹೊಂದೋ ತನಕ ಐದು ನಿಮಿಷ ಸುಮ್ಮನ ನಿಂತ್ರ ಒಂದೊಂದ ಕಾಣಾಕ ಶುರು ಆಗ್ತಾವ.

ಹೋದ ವರ್ಷ ದಾವಣಗೆರೆ ಬೀಗರ ಮಗಳು, ಎಂಟನೇತ್ತೆ ಓದಾಕಿ, ಆ ಮಂಟಪದಾಗ ಕುಂತು ನೋಟ್‌ಬುಕ್ಕಿನಾಗ ಗಂಜ್, ಕೊಳವಿ, ತೂತು, ಕಾರಂಜಿ ಎಲ್ಲಾ ಗೆರಿ ಹಾಕಿ ಚಿತ್ರ ಬಿಡಸಿದ್ಲು. ಮಾವಾ, ಗಂಜ್ ಎತ್ತರ ಕಡಿಮಿ ಆಗಿದ್ರ ಇಲ್ಲಿ ನೀರು ಹಾರತಿರ್ಲಿಲ್ಲ ಅಲ್ಲಾ ಅಂದ್ಲು. ಹೌದವ್ವಾ ಅಂದೆ. ನೀವೂ ಮಕ್ಕಳ ಕೈಯಾಗ ಒಂದು ಪೆನ್ಸಿಲ್, ಹಾಳಿ ಕೊಟ್ಟು ಕರ್ಕೊಂಡು ಬರ್ರಿ. ಐದೂವರೆ ಒಳಗ ಕುಮಟಗಿ ಬಿಟ್ರ ಕತ್ತಲಾಗೋಕಿಂತ ಮೊದಲ ಊರು ಮುಟ್ತೀರಿ, ರಾತ್ರಿ ಟ್ರೇನ್ ಅಥವಾ ಬಸ್ ಇದ್ರ ಊಟ ಮಾಡಿ ಆರಾಮ ಹತ್ತಬಹುದು.